ಸಸ್ಯವೋ, ಪ್ರಾಣಿಯೋ? ಏಕಕೋಶ ಜೀವಿಗಳ ವರ್ಗೀಕರಣದ ತೊಡಕುಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾವ್ಯವನ್ನು ಕುರಿತೋ, ಯಕ್ಷಗಾನವನ್ನು ಕುರಿತೋ, ನಾಡುನುಡಿಗಳನ್ನು ಕುರಿತೋ ಈ ವೇದಿಕೆಯಿಂದ ಉಪನ್ಯಾಸಗಳು ನಡೆಯುವುದು ವಾಡಿಕೆ. ಈ ಸಲ ವಿಜ್ಞಾನದ ವಿಷಯವೊಂದನ್ನು ಕನ್ನಡ ಪಂಡಿತನೊಬ್ಬನ ಬಾಯಿಂದ ಹೇಳಿಸಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಜೀವಶಾಸ್ತ್ರದ ಅಧ್ಯಾಪಕರು ಎದುರಿಗೆ ಕುಳಿತಿರುವಾಗ ಸಂಧಿ ಸಮಾಸಗಳನ್ನು ಕಲಿಸುವವನು ಏಕಕೋಶ ಜೀವಿಗಳ ಮಾತೆತ್ತುವುದು ಸಾಹಸವೆಂದು ತೋರಬಹುದು. ಆದರೆ ನಾನಿಂದು ಹೇಳಹೊರಟಿರುವುದು ಆ ಜೀವಿಗಳನ್ನು ಮನುಷ್ಯನು ವಿಂಗಡಿಸಲು ಪಟ್ಟ ಪಾಡಿನ ಕಥೆಯನ್ನು. ವಿಂಗಡಿಸುವುದು ವೈಯಾಕರಣರ ಹಳೆಯ ಕಸುಬಾದುದರಿಂದ ಈ ವಿಷಯದ ಬಾಗಿಲಲ್ಲಿ ನಿಲ್ಲುವಷ್ಟು ಅಧಿಕಾರ ನನಗೂ ಇದೆಯೆಂದು ಭಾವಿಸಿದ್ದೇನೆ.

ನಮ್ಮ ವ್ಯಾಕರಣದಿಂದಲೇ ಆರಂಭಿಸೋಣ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ‘ಸೂರ್ಯ ಮೂಡಿದನು’ ಎಂದರೂ ಸರಿ, ‘ಸೂರ್ಯ ಮೂಡಿತು’ ಎಂದರೂ ಸರಿ. ಹಾಗಾದರೆ ಆ ಪದ ಯಾವ ಲಿಂಗದ್ದು? ಪಂಡಿತರು ತಲೆ ಕೆರೆದುಕೊಂಡು ‘ಪುನ್ನಪುಂಸಕ’ವೆಂಬ ಬೇರೊಂದು ಹೆಸರನ್ನೇ ಕಟ್ಟಿದರು. ಹಾಗೆಯೇ ಲಿಂಗ, ವಚನ, ವಿಭಕ್ತಿಗಳಿಂದ ಬದಲಾಗದ ಶಬ್ದಗಳನ್ನೆಲ್ಲ ಒಟ್ಟುಗೂಡಿಸಿ ‘ಅವ್ಯಯ’ವೆಂದು ಕರೆದರು. ‘ಚೆನ್ನಾಗಿ’, ‘ಮತ್ತು’, ‘ಹೌದು’, ‘ಅಯ್ಯೋ’ ಇವೆಲ್ಲವೂ ಒಂದೇ ಗಂಟಿನಲ್ಲಿ ಸೇರಿವೆ. ಇವುಗಳಿಗೆ ಒಂದರೊಡನೊಂದು ಬೇರೇನು ಸಂಬಂಧ? ಉಳಿದ ಗಂಟುಗಳಲ್ಲಿ ಸೇರಲಿಲ್ಲ ಎಂಬುದೇ ಸಂಬಂಧ. ಈ ಎರಡು ಉದಾಹರಣೆಗಳನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಜೀವಶಾಸ್ತ್ರಜ್ಞರಿಗೂ ಇವೇ ಎರಡು ಇಕ್ಕಟ್ಟುಗಳು ಎದುರಾದವು.

ಕಣ್ಣಿಗೆ ಕಾಣದ ಜೀವಲೋಕವೊಂದು ಇದೆಯೆಂದು ಮೊದಲು ವಿಸ್ತಾರವಾಗಿ ಕಂಡು ಬರೆದವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ಲ್ಯೂವೆನ್‌ಹುಕ್ ಎಂಬವರು. ತಮ್ಮ ಕೈಯಿಂದಲೇ ಉಜ್ಜಿ ತಯಾರಿಸಿದ ಗಾಜಿನ ಮಸೂರದ ಮೂಲಕ ೧೬೭೪ರಲ್ಲಿ ಅವರು ಸರೋವರವೊಂದರ ನೀರನ್ನು ಪರೀಕ್ಷಿಸಿ, ಹಸುರು ಬಣ್ಣದ ಸಣ್ಣ ಜೀವಿಗಳು ಅದರಲ್ಲಿ ಓಡಾಡುವುದನ್ನು ಕಂಡರು. ೧೬೭೬ರಲ್ಲಿ ಕರಿಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯುವ ಹಂಬಲದಿಂದ ಮೆಣಸನ್ನು ನೀರಿನಲ್ಲಿ ನೆನೆಯಿಸಿಟ್ಟು ನೋಡಿದರು. ನಮ್ಮ ತೋಟಗಳಲ್ಲಿ ಮರಗಳನ್ನು ಹಬ್ಬುವ ಅದೇ ಒಳ್ಳೆಮೆಣಸು. ಖಾರದ ರಹಸ್ಯ ತಿಳಿಯಲಿಲ್ಲ. ಆದರೆ ಆ ನೀರಿನಲ್ಲಿ ಲೆಕ್ಕಕ್ಕೆ ಸಿಕ್ಕದಷ್ಟು ಸೂಕ್ಷ್ಮಜೀವಿಗಳು ಕಾಣಿಸಿಕೊಂಡವು. ಲಂಡನ್ನಿನ ರಾಯಲ್ ಸೊಸೈಟಿಗೆ ಅವರು ಬರೆದ ಪತ್ರಗಳಿಂದ ಈ ವಾರ್ತೆ ವಿದ್ವಾಂಸರ ಲೋಕಕ್ಕೆ ತಲುಪಿತು.

ಮುಂದೆ ಸ್ವೀಡನ್ನಿನ ಲಿನೀಯಸರು ೧೭೩೫ರಿಂದ ಪ್ರಕೃತಿಯ ಸಮಸ್ತ ವಸ್ತುಗಳನ್ನೂ ಖನಿಜ, ಸಸ್ಯ, ಪ್ರಾಣಿ ಎಂಬ ಮೂರು ಸಾಮ್ರಾಜ್ಯಗಳಾಗಿ ವಿಂಗಡಿಸುವ ಮಹಾಕಾರ್ಯಕ್ಕೆ ಕೈಹಾಕಿದರು. ಒಂದೊಂದು ಜೀವಿಗೂ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವರೂ ಅವರೇ. ಆನೆಗೂ ಆಲಕ್ಕೂ ಸ್ಥಾನ ತೋರಿಸಿದ ಆ ಮಹಾಪಂಡಿತರು ಸೂಕ್ಷ್ಮಜೀವಿಗಳ ಮುಂದೆ ಮಾತ್ರ ಕೈಚೆಲ್ಲಿದರು. ಅವುಗಳಲ್ಲಿ ಹಲವನ್ನು ಹುಳುಗಳ ಪಂಗಡದ ಕೊನೆಯಲ್ಲಿಟ್ಟು, ‘ಕೇಯಾಸ್’ ಎಂದರೆ ‘ಅವ್ಯವಸ್ಥೆ’ ಎಂಬರ್ಥದ ಹೆಸರನ್ನು ಕೊಟ್ಟರು. ವ್ಯವಸ್ಥೆಯನ್ನೇ ಬಾಳಿನ ವ್ರತವಾಗಿಸಿಕೊಂಡವರ ಗ್ರಂಥದಲ್ಲಿ ಅವ್ಯವಸ್ಥೆಗೂ ಒಂದು ಸಾಲು ಮೀಸಲಾಯಿತು.

ತೊಡಕೇನೆಂಬುದನ್ನು ಒಂದು ಜೀವಿಯ ಮೂಲಕ ನೋಡೋಣ. ಅದರ ಹೆಸರು ಯೂಗ್ಲೀನ. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದಷ್ಟು ಉದ್ದವಿರುವ ಈ ಜೀವಿ, ಗೊಬ್ಬರದ ಅಂಶ ಸೇರಿದ ನಿಂತ ನೀರಿನಲ್ಲಿ ಹೇರಳವಾಗಿ ಬೆಳೆದು ನೀರಿಗೆ ಹಸುರು ಬಣ್ಣವನ್ನೇ ತರಬಲ್ಲುದು. ಅದರ ಮೈಯೆಲ್ಲ ಒಂದೇ ಜೀವಕೋಶ. ಎಲೆಗಳಲ್ಲಿರುವಂತಹ ಪತ್ರಹರಿತ್ತು ಅದರಲ್ಲಿದ್ದು, ಬಿಸಿಲಿನ ಬಲದಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾದರೆ ಅದು ಸಸ್ಯ! ಆದರೆ ಸಸ್ಯಕೋಶಕ್ಕಿರುವ ಗಡುಸಾದ ಗೋಡೆ ಅದಕ್ಕಿಲ್ಲ. ಚಾವಟಿಯಂತಹ ಕಶಾಂಗವನ್ನು ಬೀಸುತ್ತ ಈಜುತ್ತದೆ. ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಸರಿಯುತ್ತದೆ. ಕೆಂಪು ಚುಕ್ಕೆಯೊಂದರ ನೆರವಿನಿಂದ ಬೆಳಕು ಬರುವ ದಿಕ್ಕನ್ನು ತಿಳಿಯುತ್ತದೆ. ಹಾಗಾದರೆ ಅದು ಪ್ರಾಣಿ! ಕತ್ತಲೆಯಲ್ಲಿಟ್ಟು ಪೋಷಕದ್ರವವನ್ನು ಕೊಟ್ಟರೆ ಅದನ್ನು ಹೀರಿಕೊಂಡೇ ಬದುಕುತ್ತದೆ. ೧೯೪೮ರಲ್ಲಿ ವಿಜ್ಞಾನಿಗಳು ಯೂಗ್ಲೀನದ ಒಂದು ಪ್ರಭೇದಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಕೊಟ್ಟು ನೋಡಿದಾಗ, ಅದು ತನ್ನ ಹಸುರನ್ನು ಶಾಶ್ವತವಾಗಿ ಕಳೆದುಕೊಂಡೂ ಸಂತತಿಯನ್ನು ಬೆಳೆಸುತ್ತಲೇ ಹೋಯಿತು.

ಸಸ್ಯಶಾಸ್ತ್ರದ ಗ್ರಂಥಗಳು ಯೂಗ್ಲೀನವನ್ನು ಪಾಚಿಗಳ ಸಾಲಿನಲ್ಲಿ ವರ್ಣಿಸಿದುವು. ಪ್ರಾಣಿಶಾಸ್ತ್ರದ ಗ್ರಂಥಗಳು ಆದಿಜೀವಿಗಳ ಸಾಲಿನಲ್ಲಿ ವರ್ಣಿಸಿದುವು. ಸಸ್ಯಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿ ಬೇರೆ, ಪ್ರಾಣಿಗಳದ್ದು ಬೇರೆ. ಹೊಸ ಪಾಚಿಯೊಂದಕ್ಕೆ ಹೆಸರಿಡುವವರು ೨೦೧೧ರ ಕೊನೆಯವರೆಗೂ ಲ್ಯಾಟಿನ್ ಭಾಷೆಯ ಲಕ್ಷಣವಾಕ್ಯವನ್ನು ಕೊಡಬೇಕಾಗಿತ್ತು. ಪ್ರಾಣಿಯೆಂದು ಹೆಸರಿಡುವವರಿಗೆ ಆ ಕಟ್ಟಳೆ ಇರಲಿಲ್ಲ. ಎರಡು ಕಚೇರಿಗಳ ದಫ್ತರಗಳಲ್ಲಿ ಒಂದೇ ಜೀವಿ ದಾಖಲಾಗಿ, ಒಂದೆಡೆ ಸಿಂಧುವಾದ ಹೆಸರು ಇನ್ನೊಂದೆಡೆ ಅಸಿಂಧುವಾಗುವ ಪ್ರಸಂಗಗಳು ಇದರಿಂದ ಒದಗಿದುವು.

ಈ ವ್ಯಾಜ್ಯವನ್ನು ಪರಿಹರಿಸಲು ೧೮೬೦ರಲ್ಲಿ ಇಂಗ್ಲೆಂಡಿನ ಜಾನ್ ಹಾಗ್ ಎಂಬವರೂ, ೧೮೬೬ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕಲ್ ಎಂಬವರೂ ಮೂರನೆಯದೊಂದು ಜೀವಸಾಮ್ರಾಜ್ಯವನ್ನು ಸೂಚಿಸಿದರು. ಹೆಕಲರು ಅದಕ್ಕಿತ್ತ ‘ಪ್ರೊಟಿಸ್ಟ’ ಎಂಬ ಹೆಸರು ಉಳಿಯಿತು. ಅನಂತರ ೧೯೬೯ರಲ್ಲಿ ಅಮೆರಿಕದ ವಿಟೇಕರರು ಐದು ಸಾಮ್ರಾಜ್ಯಗಳ ವ್ಯವಸ್ಥೆಯನ್ನು ರೂಪಿಸಿದರು. ಕೋಶಕೇಂದ್ರವಿಲ್ಲದ ಬ್ಯಾಕ್ಟೀರಿಯಗಳಿಗೆ ಮೊನೆರ, ಕೋಶಕೇಂದ್ರವುಳ್ಳ ಏಕಕೋಶಿಗಳಿಗೆ ಪ್ರೊಟಿಸ್ಟ, ಮತ್ತೆ ಶಿಲೀಂಧ್ರ, ಸಸ್ಯ, ಪ್ರಾಣಿ. ಮಳೆಗಾಲದಲ್ಲಿ ನಮ್ಮ ಅಂಗಳಗಳಲ್ಲಿ ಕಾಲು ಜಾರಿಸುವ ಲೋಳೆಯಲ್ಲಿ ಸಾಮಾನ್ಯವಾಗಿರುವ ನೀಲಿಹಸುರು ಪಾಚಿಗೆ ಕೋಶಕೇಂದ್ರವಿಲ್ಲ. ಆದಕಾರಣ ಹೆಸರಿನಲ್ಲಿ ಪಾಚಿಯಾಗಿದ್ದರೂ ಅದು ಬ್ಯಾಕ್ಟೀರಿಯಗಳ ಗುಂಪಿಗೆ ಸೇರಿತು. ಮೇಲಿನ ತರಗತಿಗಳ ಪಠ್ಯಗಳಲ್ಲಿ ನಮ್ಮ ಮಕ್ಕಳು ಇಂದಿಗೂ ಓದುತ್ತಿರುವುದು ವಿಟೇಕರರ ಈ ಪಂಚವಿಭಾಗವನ್ನೇ.

ಈ ವಿಭಾಗ ಬಹಳ ಅನುಕೂಲವಾದುದು, ಕಲಿಸುವುದಕ್ಕೂ ಸುಲಭ. ಆದರೆ ಪ್ರೊಟಿಸ್ಟವೆಂಬ ಸಾಮ್ರಾಜ್ಯವು ನಮ್ಮ ಅವ್ಯಯದ ಗಂಟಿನಂತೆಯೇ ಆಯಿತೆಂಬುದನ್ನು ಗಮನಿಸಬೇಕು. ಸಸ್ಯವಲ್ಲದ, ಪ್ರಾಣಿಯಲ್ಲದ, ಶಿಲೀಂಧ್ರವಲ್ಲದ, ಬ್ಯಾಕ್ಟೀರಿಯವೂ ಅಲ್ಲದವುಗಳೆಲ್ಲ ಅಲ್ಲಿ ಬಂದು ತಂಗಿದುವು. ಒಂದೇ ಛತ್ರದಲ್ಲಿ ರಾತ್ರಿ ಕಳೆದ ಮಾತ್ರಕ್ಕೆ ಪ್ರಯಾಣಿಕರು ದಾಯಾದಿಗಳಾಗುವರೇ?

ನಿಜವಾದ ದಾಯಾದಿಗಳನ್ನು ಗುರುತಿಸುವ ಬಗೆಯೇನು? ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವ ಪಂಡಿತರ ಕ್ರಮವನ್ನು ಇಲ್ಲಿ ನೆನೆಯಬಹುದು. ಒಂದು ಕಾವ್ಯಕ್ಕೆ ಹತ್ತು ಪ್ರತಿಗಳು ದೊರೆತುವೆನ್ನೋಣ. ಗರಿಯ ಅಳತೆಯನ್ನೋ, ಅಕ್ಷರದ ಅಂದವನ್ನೋ ನೋಡಿ ಅವುಗಳ ಸಂಬಂಧವನ್ನು ನಿರ್ಣಯಿಸಲಾಗದು. ಮೂರು ಪ್ರತಿಗಳಲ್ಲಿ ಒಂದೇ ಪದ್ಯದ ಒಂದೇ ಸ್ಥಾನದಲ್ಲಿ ಒಂದೇ ವಿಧದ ಸ್ಖಾಲಿತ್ಯವಿದ್ದರೆ, ಹೀಗೆ ಹಲವೆಡೆ ಕಂಡುಬಂದರೆ, ಆ ಮೂರೂ ಯಾವುದೋ ಒಂದು ಮಾತೃಪ್ರತಿಯಿಂದ ಇಳಿದುಬಂದವೆಂದು ಊಹಿಸುತ್ತಾರೆ. ಪಾಠಾಂತರಗಳೇ ವಂಶಾವಳಿಯನ್ನು ನುಡಿಯುತ್ತವೆ. ಜೀವಕೋಶದಲ್ಲಿಯೂ ಇಂತಹ ಒಂದು ಗ್ರಂಥವಿದೆ. ಪ್ರತಿಯೊಂದು ಜೀವಕೋಶವೂ ಪ್ರೋಟೀನುಗಳನ್ನು ತಯಾರಿಸುವುದಕ್ಕೆ ರೈಬೊಸೋಮ್ ಎಂಬ ಯಂತ್ರವನ್ನು ಇಟ್ಟುಕೊಂಡಿರುತ್ತದೆ. ಆ ಯಂತ್ರದಲ್ಲಿರುವ ಆರ್‌ಎನ್‌ಎ ಎಂಬ ವಸ್ತುವು ನಾಲ್ಕೇ ನಾಲ್ಕು ಅಕ್ಷರಗಳ ಬರವಣಿಗೆಯಂತೆ ಜೋಡಣೆಗೊಂಡಿದ್ದು, ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತ ಅಲ್ಲಲ್ಲಿ ಅಕ್ಷರ ಬದಲಾಗುತ್ತ ಬಂದಿದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಕಾರ್ಲ್ ವೋಸ್ ಎಂಬವರು ಈ ಬರವಣಿಗೆಯ ಪಾಠಾಂತರಗಳನ್ನು ವರ್ಷಗಟ್ಟಲೆ ಹೋಲಿಸುತ್ತ ಹೋಗಿ, ೧೯೭೭ರಲ್ಲಿ ಜಾರ್ಜ್ ಫಾಕ್ಸರೊಡನೆ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಮೀಥೇನ್ ಅನಿಲವನ್ನು ಬಿಡುಗಡೆ ಮಾಡುವ ಕೆಲವು ಸೂಕ್ಷ್ಮಜೀವಿಗಳು ನೋಟಕ್ಕೆ ಬ್ಯಾಕ್ಟೀರಿಯಗಳಂತೆಯೇ ಇದ್ದರೂ ವಂಶದಲ್ಲಿ ಅವುಗಳಿಂದ ಬಹುದೂರವೆಂದು ತಿಳಿದುಬಂತು. ಅವುಗಳನ್ನು ಈಗ ಆರ್ಕಿಯ ಎನ್ನುತ್ತಾರೆ. ೧೯೯೦ರಲ್ಲಿ ವೋಸರೂ ಅವರ ಸಂಗಡಿಗರೂ ಜೀವಲೋಕವನ್ನು ಬ್ಯಾಕ್ಟೀರಿಯ, ಆರ್ಕಿಯ, ಕೋಶಕೇಂದ್ರವುಳ್ಳವು ಎಂದು ಮೂರು ಮಹಾವಿಭಾಗಗಳಾಗಿ ಮಾಡಿದರು. ನಾವು, ನಮ್ಮ ಹಸುಕರುಗಳು, ತೆಂಗು ಕಂಗುಗಳು, ಅಣಬೆಗಳು, ಅಮೀಬಾಗಳು ಎಲ್ಲವೂ ಆ ಮೂರನೆಯ ವಿಭಾಗದಲ್ಲಿ ಅಡಕವಾದೆವು.

ಇಷ್ಟನ್ನು ಕೇಳಿದ ಮೇಲೆ, ‘ಪಂಡಿತರ ಈ ವಾದದಿಂದ ನಮಗೇನು ಪ್ರಯೋಜನ?’ ಎಂದು ಸಭೆಯಲ್ಲಿರುವ ಕೃಷಿಕ ಬಂಧುಗಳು ಕೇಳಬಹುದು. ಅದಕ್ಕೆ ನಮ್ಮ ಅಡಿಕೆ ತೋಟದಿಂದಲೇ ಉತ್ತರವನ್ನು ಕೊಡಬಯಸುತ್ತೇನೆ.

ಅಡಿಕೆಯ ಕೊಳೆರೋಗವನ್ನು ಅರಿಯದ ಮನೆ ನಮ್ಮಲ್ಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿ ಈ ರೋಗವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿ, ಫೈಟೊಫ್ತೊರ ಎಂಬ ಜೀವಿಯು ಇದಕ್ಕೆ ಕಾರಣವೆಂದು ವಿವರಿಸಿದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ಸಸ್ಯನಾಶಕ’ವೆಂದರ್ಥ. ೧೮೪೫ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಯಿಸಿ ಘೋರ ಕ್ಷಾಮಕ್ಕೆ ಕಾರಣವಾದುದೂ ಇದರ ಒಡಹುಟ್ಟೇ. ಎಳೆಎಳೆಯಾಗಿ ಹಬ್ಬುವ ಇದರ ಬಿಳಿಯ ಬೂಷ್ಟನ್ನು ನೋಡಿದವರು ಶಿಲೀಂಧ್ರವೆಂದೇ ಬಹುಕಾಲ ತಿಳಿದಿದ್ದರು. ಆದರೆ ಆಟಿ ತಿಂಗಳ ಮಳೆಯಲ್ಲಿ ಇದರಿಂದ ಹೊರಡುವ ಬೀಜಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಎರಡು ಕಶಾಂಗಗಳನ್ನು ಬೀಸುತ್ತ ನೀರಿನಲ್ಲಿ ಈಜುವ ಒಂದು ಏಕಕೋಶ ಜೀವಿ. ಗೊನೆಯ ಮೇಲೆ ನಿಂತ ಮಳೆಹನಿಯೇ ಅದಕ್ಕೆ ಕೆರೆ. ಕಾಯಿಗಳ ನಡುವೆ ಅದು ಈಜಿ ಹೋಗುವ ದಾರಿಯೂ ಆ ನೀರೇ. ಶಿಲೀಂಧ್ರಗಳ ಗೋಡೆ ಕೈಟಿನ್ ಎಂಬ ವಸ್ತುವಿನದಾದರೆ, ಇದರ ಗೋಡೆಯಲ್ಲಿರುವುದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲೂಕನ್‌ಗಳು. ವಂಶಾವಳಿಯನ್ನು ಹುಡುಕಿದಾಗ ಇದು ಅಣಬೆಯ ಬಂಧುವಲ್ಲವೆಂದೂ, ಕಡಲಿನ ಕಂದುಪಾಚಿಗಳಿಗೂ ಡಯಾಟಮ್ ಎಂಬ ಏಕಕೋಶಿಗಳಿಗೂ ದಾಯಾದಿಯೆಂದೂ ಸ್ಥಿರಪಟ್ಟಿತು.

ಈಗ ಪ್ರಯೋಜನವನ್ನು ನೋಡಿರಿ. ಶಿಲೀಂಧ್ರನಾಶಕಗಳೆಂದು ಮಾರುವ ಔಷಧಗಳಲ್ಲಿ ಒಂದು ದೊಡ್ಡ ಪಂಗಡವು, ಶಿಲೀಂಧ್ರಗಳ ಮೈಯಲ್ಲಿ ಎರ್ಗೊಸ್ಟೆರಾಲ್ ಎಂಬ ವಸ್ತು ತಯಾರಾಗುವುದನ್ನು ತಡೆದು ಅವುಗಳನ್ನು ಕೊಲ್ಲುತ್ತದೆ. ಫೈಟೊಫ್ತೊರವು ಆ ವಸ್ತುವನ್ನು ತಯಾರಿಸುವುದೇ ಇಲ್ಲ. ತಡೆಯಲು ಏನೂ ಇಲ್ಲದಲ್ಲಿ ತಡೆಯುವ ಮದ್ದು ಏನು ಮಾಡೀತು? ಇದಕ್ಕೆ ಪ್ರತಿಯಾಗಿ ಮೆಟಲಾಕ್ಸಿಲ್ ಎಂಬ ಔಷಧವು ಈ ವಂಶದವುಗಳ ಮೇಲೆ ಪರಿಣಾಮಕಾರಿಯಾಗಿದ್ದು ನಿಜವಾದ ಶಿಲೀಂಧ್ರಗಳನ್ನು ತಟ್ಟುವುದಿಲ್ಲ. ಮೈಲುತುತ್ತು ಸುಣ್ಣಗಳನ್ನು ಬೆರೆಸಿ ನಮ್ಮ ಹಿರಿಯರು ಬಿಡುತ್ತ ಬಂದ ಬೋರ್ಡೋ ಮದ್ದಿನ ತಾಮ್ರವಾದರೋ ಎರಡೂ ವಂಶಗಳಿಗೆ ವಿಷವಾದುದರಿಂದ ಅಂದಿಗೂ ಇಂದಿಗೂ ಕೈಕೊಟ್ಟಿಲ್ಲ. ೧೮೮೫ರಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬವರು ದ್ರಾಕ್ಷಿಯ ರೋಗವೊಂದಕ್ಕೆ ಈ ದ್ರಾವಣವನ್ನು ಪ್ರಚಾರಕ್ಕೆ ತಂದರು. ಆ ರೋಗದ ಜೀವಿಯೂ ಇದೇ ವಂಶದ್ದು. ಯಾವ ಗುಂಪಿನ ಜೀವಿಯೆಂದು ತಿಳಿಯದೆ ಮದ್ದಿಗೆ ಹಣ ಸುರಿದರೆ ಮದ್ದೂ ಪೋಲು, ಗೊನೆಯೂ ಪೋಲು.

ತೋಟದಿಂದ ನಮ್ಮ ಶರೀರದ ಕಡೆಗೆ ಬರೋಣ. ೨೦೨೪ ಮತ್ತು ೨೦೨೫ರಲ್ಲಿ ಕೇರಳದಲ್ಲಿ ಅಮೀಬಾದಿಂದ ಉಂಟಾದ ಮಿದುಳಿನ ಜ್ವರವು ಪತ್ರಿಕೆಗಳಲ್ಲಿ ಸುದ್ದಿಯಾಗಿ ಮನೆಮನೆಯಲ್ಲೂ ಭಯವನ್ನು ಹುಟ್ಟಿಸಿತು. ಈ ಜ್ವರಕ್ಕೆ ಕಾರಣವಾಗುವ ಅಮೀಬಾಗಳಲ್ಲಿ ಮುಖ್ಯವಾದುದು ನೇಗ್ಲೇರಿಯ ಫೌಲರಿ. ಬೆಚ್ಚಗಿನ ಸಿಹಿನೀರಿನಲ್ಲಿ ವಾಸಿಸುವ ಇದು ಮೂಗಿನ ದಾರಿಯಿಂದ ಮಿದುಳನ್ನು ಸೇರುತ್ತದೆ. ಕುಡಿದ ನೀರಿನಿಂದ ಬರುವುದಿಲ್ಲ. ಆಮಶಂಕೆಯನ್ನು ತರುವ ಎಂಟಮೀಬವನ್ನೂ ನಾವು ಅಮೀಬಾ ಎನ್ನುತ್ತೇವೆ. ಎರಡೂ ಮಿಥ್ಯಾಪಾದಗಳನ್ನು ಚಾಚಿ ಹರಿದಾಡುವುದರಿಂದ ಒಂದೇ ಹೆಸರು ಬಂತು. ವಂಶದಲ್ಲಿ ಮಾತ್ರ ಇವೆರಡೂ ಬೇರೆಬೇರೆ. ನೇಗ್ಲೇರಿಯವು ಸಮಯ ಬಂದಾಗ ಎರಡು ಕಶಾಂಗಗಳನ್ನು ಬೆಳೆಯಿಸಿ ಈಜಬಲ್ಲುದು. ಅದು ನಾವು ಮೊದಲು ಕಂಡ ಹಸುರು ಯೂಗ್ಲೀನಕ್ಕೆ ಎಂಟಮೀಬಕ್ಕಿಂತ ಹತ್ತಿರದ ಬಂಧು. ಆ ಯೂಗ್ಲೀನದ ಇನ್ನೂ ಹತ್ತಿರದ ಬಂಧುವೇ ಬಿಹಾರ, ಬಂಗಾಳಗಳನ್ನು ಕಾಡಿದ ಕಾಲಾಆಜಾರ್ ರೋಗದ ಲೀಷ್ಮೇನಿಯ. ೧೯೦೩ರಲ್ಲಿ ಮದರಾಸಿನಲ್ಲಿ ಡಾನೊವನ್ ಎಂಬ ವೈದ್ಯರು ಅದನ್ನು ಗುರುತಿಸಿದರು. ಅಮೀಬಾ ಎಂಬುದು ಒಂದು ನಡೆಯ ಹೆಸರು, ಕುಲದ ಹೆಸರಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಚಳಿಜ್ವರದ ಮಾತು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ಕಂಡುದು ತಮಗೆಲ್ಲ ತಿಳಿದ ಸಂಗತಿ. ರಕ್ತದಲ್ಲಿ ವಾಸಿಸುವ ಈ ಜೀವಿಯನ್ನು ಪ್ರಾಣಿಯೆಂದೇ ಎಣಿಸಿದ್ದರು. ಆದರೆ ೧೯೯೬ರ ಸುಮಾರಿಗೆ ಅದರ ಕೋಶದೊಳಗೆ, ಸಸ್ಯಗಳ ಹರಿತ್ಕಣದ ಅವಶೇಷವೊಂದು ಉಳಿದಿರುವುದು ಖಚಿತವಾಯಿತು. ಹಸುರು ಹೋಗಿದೆ, ಪಾತ್ರೆ ಉಳಿದಿದೆ. ಅದರ ದೂರದ ಪೂರ್ವಜವು ಕೆಂಪುಪಾಚಿಯ ಜೀವಿಯೊಂದನ್ನು ಒಳಗೆ ಸೇರಿಸಿಕೊಂಡು ಬದುಕಿದ್ದ ಕಾಲದ ಗುರುತು ಅದು. ಡಾಕ್ಸಿಸೈಕ್ಲಿನ್ ಎಂಬ ಔಷಧವು ಈ ಅವಶೇಷಕ್ಕೆ ಪೆಟ್ಟುಕೊಡುವುದರ ಮೂಲಕವೇ ಮಲೇರಿಯದ ಮೇಲೆ ಕೆಲಸಮಾಡುತ್ತದೆ.

ಇಲ್ಲಿ ಇನ್ನೊಂದು ತೊಡಕು ತಲೆಯೆತ್ತುತ್ತದೆ. ಓಲೆಯ ಲಿಪಿಕಾರನು ಒಂದೇ ಮಾತೃಪ್ರತಿಯನ್ನು ನೋಡಿ ಬರೆದರೆ ವಂಶಾವಳಿ ಸುಲಭ. ಎರಡು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಬರೆದರೆ ಸಂಪಾದಕನ ಗತಿಯೇನು? ಏಕಕೋಶ ಜೀವಿಗಳು ಹೀಗೆಯೇ ಮಾಡಿವೆ. ಬ್ಯಾಕ್ಟೀರಿಯಗಳು ತಮ್ಮ ವಂಶವಾಹಿಗಳನ್ನು ಅನ್ಯರೊಡನೆ ಕೊಟ್ಟು ಕೊಳ್ಳುತ್ತವೆ. ದೊಡ್ಡ ಕೋಶಗಳು ಸಣ್ಣ ಕೋಶಗಳನ್ನು ಒಳಗೆ ತೆಗೆದುಕೊಂಡು, ಕರಗಿಸದೆ ಮನೆಯವರನ್ನಾಗಿ ಮಾಡಿಕೊಂಡಿವೆ. ಯೂಗ್ಲೀನದ ಹಸುರೂ ಹೀಗೆ ಬಂದುದೇ. ಆದುದರಿಂದ ಅದು ಸಸ್ಯವೋ ಪ್ರಾಣಿಯೋ ಎಂಬ ಪ್ರಶ್ನೆಗೆ ಇಂದಿನ ಉತ್ತರವೆಂದರೆ, ಹಸುರಿನ ಮೂಲ ಒಂದು ಕುಲದ್ದು, ಹೊತ್ತುಕೊಂಡ ಮೈ ಇನ್ನೊಂದು ಕುಲದ್ದು. ಪ್ರಶ್ನೆ ಕೇಳಿದ ರೀತಿಯಲ್ಲಿಯೇ ತೊಡಕು ಇತ್ತು.

ತಜ್ಞರ ಸಮಿತಿಯೊಂದು ೨೦೦೫ರಲ್ಲಿ ಕೋಶಕೇಂದ್ರವುಳ್ಳ ಜೀವಿಗಳನ್ನೆಲ್ಲ ಆರು ಮಹಾಗುಂಪುಗಳಾಗಿ ವಿಂಗಡಿಸಿತು. ಸಾಮ್ರಾಜ್ಯ, ವಿಭಾಗ ಮೊದಲಾದ ಹಳೆಯ ಅಂತಸ್ತುಗಳನ್ನು ಅದು ಕೈಬಿಟ್ಟಿತು. ೨೦೧೨ರಲ್ಲಿ ಮತ್ತು ೨೦೧೯ರಲ್ಲಿ ಅದೇ ಕಾರ್ಯ ಪುನಃ ನಡೆಯುವ ಹೊತ್ತಿಗೆ ಆ ಆರರಲ್ಲಿ ಎರಡು ಗುಂಪುಗಳು ನಿಲ್ಲದೆ ಹೋದುವು. ಇದರಿಂದ ಶಾಸ್ತ್ರದ ಮೇಲೆ ಅನಾದರ ತಾಳಬೇಕಾದುದಿಲ್ಲ. ಹೊಸ ಓಲೆಪ್ರತಿ ದೊರೆತಾಗ ಹಳೆಯ ಪಾಠವನ್ನು ತಿದ್ದುವ ಸಂಪಾದಕನನ್ನು ನಾವು ಪ್ರಾಮಾಣಿಕನೆನ್ನುತ್ತೇವೆ; ವಿಜ್ಞಾನಿಗೂ ಅದೇ ಗೌರವ ಸಲ್ಲಬೇಕು.

ಬಂಧುಗಳೇ, ಗಡಿನಾಡಿನವರಾದ ನಮಗೆ ಈ ಕಥೆ ಹೊಸದಾಗಿ ತೋರಲಾರದು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ದಫ್ತರದ ತಲೆಬರಹ ಬದಲಾಯಿತು. ಮನೆಯೊಳಗಿನ ಮಾತು, ತೋಟದ ಮಣ್ಣು, ಅಡಿಕೆಯ ಕೊಳೆ ಎಂದಿನಂತೆಯೇ ಇದ್ದುವು. ಆಡಳಿತಕ್ಕೆ ಗಡಿಗಳು ಬೇಕು, ಅಧ್ಯಯನಕ್ಕೆ ವರ್ಗಗಳು ಬೇಕು. ಅವುಗಳನ್ನು ಗೀಚಿದ ಕೈ ಮನುಷ್ಯನದೆಂಬುದನ್ನು ಮರೆತಾಗಲೇ ಅನರ್ಥ.

ನನ್ನ ಕಳಕಳಿ ನಮ್ಮ ಮಕ್ಕಳನ್ನು ಕುರಿತದ್ದು. ‘ಪ್ರೊಟಿಸ್ಟಕ್ಕೆ ಎರಡು ಉದಾಹರಣೆ ಕೊಡಿರಿ’ ಎಂಬ ಪ್ರಶ್ನೆಗೆ ‘ಅಮೀಬಾ, ಯೂಗ್ಲೀನ’ ಎಂದು ಬರೆದು ಎರಡು ಅಂಕ ಪಡೆದ ಹುಡುಗನಿಗೆ, ಆ ಎರಡೂ ಪರಸ್ಪರ ಬಂಧುಗಳಲ್ಲವೆಂದು ಯಾರು ಹೇಳಬೇಕು? ಅವನ ತಂದೆ ತೋಟಕ್ಕೆ ಬಿಡುವ ಮದ್ದಿಗೂ ಅವನ ಪಾಠಕ್ಕೂ ಇರುವ ನಂಟನ್ನು ಯಾರು ತೋರಿಸಬೇಕು? ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ವಿಜ್ಞಾನ ಎಟುಕದೆಂಬ ಅಳುಕಿನಿಂದ ಎಷ್ಟೋ ಮನೆಯವರು ಮಕ್ಕಳನ್ನು ಕನ್ನಡ ಶಾಲೆಗಳಿಂದ ಬಿಡಿಸುತ್ತಿದ್ದಾರೆ. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಕನ್ನಡದಲ್ಲಿಯೇ ಬರೆದುದು ನಮ್ಮ ನೆರೆಯ ಪುತ್ತೂರಿನ ಸೀಮೆಯಲ್ಲಿ ನೆಲೆಸಿದ್ದ ಕಾಲದಲ್ಲಿ. ಲಿಂಗ, ಅವ್ಯಯ, ಪಾಠಾಂತರಗಳ ಸೂಕ್ಷ್ಮವನ್ನು ಹೇಳಬಲ್ಲ ನುಡಿಗೆ ಕಶಾಂಗದ ಮಾತು ಭಾರವಾದೀತೇ?

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಬರುವ ವರ್ಷದೊಳಗಾಗಿ ಸಂಘದ ವಾಚನಾಲಯಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ತರಿಸೋಣ. ಸುರಂಗದ ನೀರು ನಿಲ್ಲುವ ಕೆರೆಯಿಂದ, ಗದ್ದೆಯಿಂದ, ಕೊಳೆ ಹಿಡಿದ ಅಡಿಕೆಯಿಂದ ಮಕ್ಕಳು ಹನಿಹನಿ ನೀರನ್ನು ತರಲಿ. ತಾವು ಕಂಡುದನ್ನು ಚಿತ್ರಿಸಿ, ಅದಕ್ಕೆ ಕನ್ನಡದಲ್ಲಿ ಒಂದೊಂದು ಪುಟ ವಿವರಣೆ ಬರೆಯಲಿ. ಯಾವ ಗುಂಪಿಗೆ ಸೇರಿದ್ದೆಂದು ಕೂಡಲೇ ತೀರ್ಪು ಕೊಡಬೇಕಾದುದಿಲ್ಲ. ಮೊದಲು ನೋಡುವುದನ್ನು ಕಲಿಯಲಿ. ಹೆಸರಿಡುವ ವ್ಯಾಜ್ಯ ನಿಧಾನವಾಗಿ ತೀರಲಿ. ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಆ ಪುಟಗಳಿಗೆ ಸ್ಥಳ ಮಾಡಿಕೊಡಬೇಕೆಂದು ಸಂಪಾದಕರನ್ನೂ ಈಗಲೇ ಕೇಳಿಕೊಳ್ಳುತ್ತೇನೆ.